ಮಹಾಲಯ ಅಮಾವಾಸ್ಯೆ: ಹಿರಿಯರಿಗೆ ಎಡೆ ಇಡುವ ಕ್ರಮ, ಆಮೇಲಿನ ಕೆಲಸ

ಎಡೆ ಯಾರಿಗೆ ಎನ್ನುವುದು ಮೊದಲು ಇತ್ಯರ್ಥವಾಗಲಿ. ಹಬ್ಬಕ್ಕೆ ವಾರ ಇರುವಾಗಲೇ ಮನೆಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು, ಅಪ್ಪನ ಕಡೆ ಮೂರು ತಲೆಮಾರು, ಅಮ್ಮನ ಕಡೆ ಮೂರು ತಲೆಮಾರಿನ ಹೆಸರು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ತೀರಿಹೋದ ತಿಥಿ, ಇಷ್ಟದ ತಿನಿಸು, ಅರ್ಧಕ್ಕೆ ಬಿಟ್ಟುಹೋದ ಕೆಲಸ. ಕೊನೆಯದನ್ನು ಯಾರೂ ಕೇಳುವುದಿಲ್ಲ. ಹಬ್ಬ ಮುಗಿದ ಮೇಲೆ ಉಪಯೋಗಕ್ಕೆ ಬರುವುದು ಅದೇ.

ಮೂರೇ ತಲೆಮಾರು ಏಕೆಂದರೆ, ತಂದೆ ವಸುರೂಪದಲ್ಲಿ, ಅಜ್ಜ ರುದ್ರರೂಪದಲ್ಲಿ, ಮುತ್ತಜ್ಜ ಆದಿತ್ಯರೂಪದಲ್ಲಿ ಇರುತ್ತಾರೆ ಎಂಬ ನಂಬಿಕೆ. ತೀರಿಕೊಂಡು ವರ್ಷ ತುಂಬದವರನ್ನು ಎಷ್ಟೋ ಮನೆಗಳಲ್ಲಿ ಈ ಎಡೆಗೆ ಸೇರಿಸುವುದಿಲ್ಲ. ಅವರಿನ್ನೂ ಪಿತೃಗಳ ಸಾಲಿಗೆ ಸೇರಿಲ್ಲ ಎಂಬ ಲೆಕ್ಕ. ಮಕ್ಕಳಿಲ್ಲದೆ ಹೋದ ಚಿಕ್ಕಪ್ಪ, ಸೋದರತ್ತೆ ಪಟ್ಟಿಯಿಂದ ತಪ್ಪಿಹೋಗುವುದು ಹೆಚ್ಚು. ಅವರಿಗೆ ಇಡುವವರು ಬೇರೆ ಯಾರಿದ್ದಾರೆ? ತಿಥಿ ಗೊತ್ತಿಲ್ಲದಿದ್ದರೆ ಚಿಂತೆ ಬೇಡ, ಭಾದ್ರಪದ ಬಹುಳದ ಈ ಅಮಾವಾಸ್ಯೆ ಎಲ್ಲರಿಗೂ ಸಲ್ಲುತ್ತದೆ.

ಹೊತ್ತು ಅಪರಾಹ್ಣ. ಹಗಲನ್ನು ಐದು ಭಾಗ ಮಾಡಿದರೆ ನಾಲ್ಕನೆಯದು. 6ಕ್ಕೆ ಸೂರ್ಯೋದಯ, 6ಕ್ಕೆ ಅಸ್ತವಾದರೆ ಮಧ್ಯಾಹ್ನ 1.12ರಿಂದ 3.36. ಅಮಾವಾಸ್ಯೆ ಎರಡು ದಿನಕ್ಕೆ ಹಂಚಿಹೋಗಿದ್ದರೆ ಈ ಹೊತ್ತಿನಲ್ಲಿ ತಿಥಿ ಯಾವ ದಿನ ಇದೆ ಎಂದು ಪಂಚಾಂಗ ನೋಡಿ.

ಅಡುಗೆಯಲ್ಲಿ ಕೈಕೊಡುವುದು ಕಜ್ಜಾಯ. 1 ಕೆಜಿ ಅಕ್ಕಿಯನ್ನು ರಾತ್ರಿಯಿಡೀ ನೆನೆಸಿ, ಬಸಿದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ. ಮುಟ್ಟಿದರೆ ತೇವ ಇರಬೇಕು, ಕೈಗೆ ನೀರು ಅಂಟಬಾರದು. ಆಗ ಹಿಟ್ಟು ಮಾಡಿ ಜರಡಿ ಹಿಡಿಯಿರಿ. 750 ಗ್ರಾಂ ಬೆಲ್ಲವನ್ನು ಸ್ವಲ್ಪವೇ ನೀರಲ್ಲಿ ಕರಗಿಸಿ, ಸೋಸಿ, ಪಾಕಕ್ಕಿಡಿ. ತಣ್ಣೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಮೆತ್ತಗಿನ ಉಂಡೆಯಾಗಬೇಕು. ಪಾಕ ಎಳಸಾದರೆ ಕಜ್ಜಾಯ ಎಣ್ಣೆಯಲ್ಲೇ ಒಡೆದು ಚೂರಾಗುತ್ತದೆ, ಬಲಿತರೆ ಕಲ್ಲಾಗುತ್ತದೆ. ಗಸಗಸೆ ಅಥವಾ ಎಳ್ಳು ಬೆರೆಸಿ, ಕಲಸಿದ್ದನ್ನು ಒಂದು ರಾತ್ರಿ ಬಿಟ್ಟು, ಸಣ್ಣ ಉರಿಯಲ್ಲಿ ಕರಿಯಿರಿ. ಹಾಗಾಗಿ ಅಕ್ಕಿ ನೆನೆಸುವುದು ಹಬ್ಬಕ್ಕೆ ಎರಡು ದಿನ ಮುಂಚೆ.

ಹಳೇ ಮೈಸೂರು ಕಡೆ ಮಾಂಸ ತಿನ್ನುವ ಮನೆಗಳಲ್ಲಿ ಮುದ್ದೆ, ಕೋಳಿ ಸಾರು, ಮಟನ್ ಸಾರಿನ ಜೊತೆಗೆ ಬೀಡಿ, ಎಲೆಅಡಿಕೆ, ಕೆಲವೆಡೆ ಬ್ರಾಂದಿಯೂ ಎಡೆಗೆ ಬರುತ್ತದೆ. ಬದುಕಿದ್ದಾಗ ಬೈದು ಬಿಡಿಸಲು ನೋಡಿದವರೇ ಈಗ ತಂದಿಡುತ್ತಾರೆ!

ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ನೀರು ತುಂಬಿದ ಚೊಂಬು, ಬಾಯಿಗೆ ಐದು ವೀಳ್ಯದೆಲೆ, ತೆಂಗಿನಕಾಯಿ. ಚೊಂಬಿನ ತಳ ದುಂಡಗಿದ್ದರೆ ಅಕ್ಕಿ ಅರ್ಧ ಕೆಜಿಗೆ ಕಡಿಮೆ ಬೇಡ, ವಾಲುತ್ತದೆ. ಪಕ್ಕದಲ್ಲಿ ಫೋಟೊ, ಹೊಸ ಪಂಚೆ, ಸೀರೆ. ಧೂಪದ ಕೆಂಡ ಬಟ್ಟೆಯಿಂದ ಒಂದು ಮಾರು ದೂರವಿರಲಿ. ಪಾಲಿಯೆಸ್ಟರ್ ಸೀರೆಗೆ ಒಂದು ಕಿಡಿ ಸಾಕು. ಊಟ ಮಾಡುವವರ ಎಡಗಡೆಗೆ ಬಾಳೆ ಎಲೆಯ ತುದಿ ಬರುತ್ತದೆ. ಇಲ್ಲಿ ಉಣ್ಣುವವರು ನಿಮ್ಮೆದುರಿಗೆ ಕೂತಿದ್ದಾರೆ, ಆದ್ದರಿಂದ ತುದಿ ನಿಮ್ಮ ಬಲಕ್ಕೆ. ನಿಮ್ಮ ಮನೆಯ ಪದ್ಧತಿ ಬೇರೆಯಿದ್ದರೆ ಅದೇ ನಡೆಯಲಿ. ಧೂಪ ಹಾಕಿ, ಪಟ್ಟಿಯ ಹೆಸರು ಒಂದೊಂದಾಗಿ ಹೇಳಿ ಕೈಮುಗಿದು, ಎಲ್ಲರೂ ಹೊರಬಂದು ಹತ್ತು ನಿಮಿಷ ಬಾಗಿಲು ಮುಂದಕ್ಕೆಳೆಯಿರಿ.

ತರ್ಪಣ ಬಿಡುವ ಮನೆಗಳಲ್ಲಿ ಇದು ಬೇರೆ: ಕಪ್ಪು ಎಳ್ಳು, ದರ್ಭೆ, ದಕ್ಷಿಣಕ್ಕೆ ಮುಖ, ಜನಿವಾರ ಬಲ ಹೆಗಲಿಗೆ. ಹೆಬ್ಬೆರಳು, ತೋರುಬೆರಳ ನಡುವಿನಿಂದ ಒಬ್ಬೊಬ್ಬರಿಗೆ ಮೂರು ಸಲ ನೀರು.

ಕಾಗೆಗೆ ಇಟ್ಟದ್ದು ಹಾಗೇ ಉಳಿದರೆ ಹಿರಿಯರು ಮುನಿದರು ಎಂದು ಮನೆಮಂದಿಯನ್ನು ಹೆದರಿಸಬೇಡಿ. ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿ ಅಪರೂಪಕ್ಕೆ ಹಾಕಿದ ಅನ್ನಕ್ಕೆ ಕಾಗೆ ಬರುವುದಿಲ್ಲ. ವಾರದಿಂದಲೇ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಒಂದು ತುತ್ತು ಇಡುತ್ತಾ ಬಂದರೆ ರೂಢಿಯಾಗುತ್ತದೆ.

ಇನ್ನು ಅರ್ಧಕ್ಕೆ ಬಿಟ್ಟ ಕೆಲಸ. ಸತ್ತವರ ಋಣ ಎಡೆಯಿಂದಷ್ಟೇ ತೀರುವುದಿಲ್ಲ ಎನ್ನುವುದನ್ನು ಒಪ್ಪಿದರೆ, ಆ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದು ಕೆಲಸ ಸಿಗುತ್ತದೆ. ಉಂಡೆದ್ದ ಮೇಲೆ ಅದನ್ನು ಓದಿ ಹಂಚಿಕೊಳ್ಳಿ. ‘ಅಜ್ಜನ ಹಾಗೆ ಒಳ್ಳೆಯವನಾಗುತ್ತೇನೆ’ ಎಂದು ಬರೆಸಬೇಡಿ, ಅದು ಮಾರನೆಯ ದಿನವೇ ಮರೆತುಹೋಗುತ್ತದೆ. ಕೈಯಿಂದ ಆಗುವಂಥದ್ದು ಇರಲಿ: ಅಜ್ಜಿ ನೆಟ್ಟ ಹಲಸಿಗೆ ಬೇಸಿಗೆಯಲ್ಲಿ ದಿನಕ್ಕೆ ಎರಡು ಕೊಡ ನೀರು, ಅಪ್ಪ ಉಳಿಸಿಹೋದ ಕೈಸಾಲಕ್ಕೆ ತಿಂಗಳಿಗೆ ಇಷ್ಟು, ಅತ್ತೆ ಹೇಳಿಕೊಡುತ್ತಿದ್ದ ಮಗ್ಗಿಯನ್ನು ಪಕ್ಕದ ಮನೆಯ ಮಗುವಿಗೆ ಸಂಜೆ ಕಾಲು ಗಂಟೆ. ಒಬ್ಬರಿಗೆ ಒಂದೇ. ಎರಡು ಹಿಡಿದವರು ಎರಡನ್ನೂ ಬಿಡುತ್ತಾರೆ.

ಬಹಳ ಮನೆಗಳಲ್ಲಿ ಉಳಿದಿರುವ ಕೆಲಸವೆಂದರೆ ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಪಹಣಿ ಇನ್ನೂ ಮುತ್ತಜ್ಜನ ಹೆಸರಲ್ಲೇ ಇರುತ್ತದೆ. ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಒಟ್ಟಿಗೆ ಸಿಗುವ ದಿನ ಇದು. ಹೆಣ್ಣುಮಕ್ಕಳ ಹೆಸರು ಬಿಟ್ಟು ವಂಶವೃಕ್ಷ ಬರೆಸಿದರೆ ಮುಂದೆ ತಕರಾರು ಖಂಡಿತ. ನಿಮ್ಮ ಎಡೆಯ ಪಟ್ಟಿಯೇ ಅದಕ್ಕೆ ಕರಡು. ಮರಣ ಪ್ರಮಾಣಪತ್ರ, ಪಹಣಿಯ ಜೊತೆ ನಾಡಕಚೇರಿಗೆ ಅರ್ಜಿ ಹಾಕಬಹುದು. ಮರಣ ವರ್ಷದೊಳಗೆ ನೋಂದಣಿಯಾಗಿರದಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ಅದನ್ನು ಮೊದಲು ಮಾಡಿಸಿ.