ಬ್ರೇಕ್ ಹಿಡಿದು ಬೆಂಗಳೂರು ಎಫ್‌ಎಂ ಚರಿತ್ರೆ ಕೆದಕಿದೆ

"ಲಾಗ್ ಶೀಟ್ ಇಲ್ಲದೆ ಇದೆಲ್ಲ ಆಗಲ್ಲ ಗುರು, ಸುಮ್ನೆ ಟೈಮ್ ವೇಸ್ಟು." ಲಾಗ್ ಅಂದರೆ ಯಾವ ನಿಮಿಷ ಏನು ಪ್ರಸಾರವಾಯಿತು ಅನ್ನುವ ದಾಖಲೆ. ಹೀಗೆ ಹೇಳಿದ್ದು ಎಫ್‌ಎಂ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಪ್ರೋಗ್ರಾಮಿಂಗ್ ನೋಡಿಕೊಂಡಿದ್ದ ಗೆಳೆಯ. ನನಗೆ ಬೇಕಿದ್ದದ್ದು ಇಷ್ಟೇ: ನಮ್ಮೂರಿನ ಸ್ಟೇಷನ್‌ಗಳು ಒಂದಕ್ಕೊಂದು ಹೇಗೆ ಟಕ್ಕರ್ ಕೊಟ್ಟವು, ಪಕ್ಕದವನು ಜಾಹೀರಾತಿನ ಬ್ರೇಕಿಗೆ ಹೋದಾಗ ಇವನು ಏನು ಹಾಕಿದ, ಆ ಆಟ ಯಾವಾಗ ಶುರುವಾಯಿತು. ಕೇಳಿದರೆ ಎಲ್ಲರೂ ಕಥೆ ಹೇಳುತ್ತಾರೆ. ಎಲ್ಲರ ಕಥೆಯಲ್ಲೂ ಅವರವರ ಸ್ಟೇಷನ್ನೇ ನಂಬರ್ ಒನ್. ಹಳೇ ಲಾಗ್ ತೋರಿಸಿ ಅಂದರೆ ಒಬ್ಬರ ಹತ್ತಿರವೂ ಇಲ್ಲ. ಹಾಗಾಗಿ ಗಾಳಿಯಲ್ಲಿ ಬಂದದ್ದನ್ನೇ ಹಿಡಿಯೋಣ ಅಂತ ಕೂತೆ. ಮೂರು ವರ್ಷ ಬೇಕಾಯಿತು, ಆದರೆ ಆಯಿತು.

ಮೊದಲು ಇವತ್ತಿನದ್ದನ್ನು ಹಿಡಿದು ಕೈ ಪಳಗಿಸಿಕೊಳ್ಳುವ ಯೋಚನೆ. 91.1, 91.9, 92.7, 93.5 ಸಾಲಾಗಿ ಕೂತಿವೆ, ಒಂದು ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸಿ ರೇಡಿಯೋ ಹಿಡಿಯುವ ಪುಟ್ಟ ಸಾಧನ) ಒಮ್ಮೆಗೇ 2.4 ಮೆಗಾಹರ್ಟ್ಸ್ ಅಗಲ ನುಂಗುತ್ತದೆ, ಲೆಕ್ಕದಲ್ಲಿ ನಾಲ್ಕೂ ಒಂದರಲ್ಲೇ ಬರಬೇಕು. ಬರಲಿಲ್ಲ. ನಡುವೆ 92.3ಕ್ಕೆ ಇಟ್ಟರೆ ಎರಡು ತುದಿಯವೂ ಅಂಚಿಗೆ ಬಿದ್ದು ಗೊರಗೊರ. ಒಂದರಲ್ಲಿ ಮೂರಕ್ಕೆ ತೃಪ್ತಿಪಟ್ಟು, ನಾಲ್ಕನೆಯದಕ್ಕೆ ಎಸ್.ಪಿ. ರೋಡಿನಿಂದ ಇನ್ನೊಂದು ಡಾಂಗಲ್ ತಂದೆ. ಎರಡಕ್ಕೂ ಸೇರಿ ಆರು ಸಾವಿರ ಚಿಲ್ಲರೆ. ಅದಕ್ಕಿಂತ ದೊಡ್ಡ ಪೆದ್ದುತನ ಮಾಡಿದ್ದು ಸಿಗ್ನಲ್ಲನ್ನು ಹಸಿಹಸಿಯಾಗಿ ಡಿಸ್ಕಿಗೆ ಸುರಿದದ್ದು. ಒಂದು ಡಾಂಗಲ್ ಗಂಟೆಗೆ 17 ಜಿಬಿ ತಿನ್ನುತ್ತದೆ. ಹೊಸಾ 1 ಟಿಬಿ ಡಿಸ್ಕು, ನಾಲ್ಕೂವರೆ ಸಾವಿರದ್ದು, ಅದೊಂದಕ್ಕೇ ಎರಡೂವರೆ ದಿನಕ್ಕೆ ಭರ್ತಿ. ಆಮೇಲೆ ಬಂದದ್ದನ್ನು ಅಲ್ಲೇ ಆಡಿಯೋ ಮಾಡಿ ಎಂಪಿ3ಗೆ ಇಳಿಸಿದೆ, ಸ್ಟೇಷನ್ನಿಗೆ ಗಂಟೆಗೆ ಮೂವತ್ತು ಎಂಬಿಯೂ ಬೇಡ.

ಈಗ ಯಾವ ನಿಮಿಷ ಯಾರು ಏನು ಹಾಕಿದರು ಅಂತ ಗುರುತಿಸಬೇಕು. ಎಲ್ಲರಂತೆ ನಾನೂ ಹಾಡನ್ನೇ ಹಿಡಿಯಲು ಹೋದೆ. ಎಂಟು ತಿಂಗಳು ಹಾಳು. ಆರ್‌ಜೆ ಹಾಡಿನ ಶುರುವಿನ ಮ್ಯೂಸಿಕ್ಕಿನ ಮೇಲೆ ಮಾತಾಡುತ್ತಾನೆ, ಎರಡನೇ ಚರಣ ಕತ್ತರಿಸಿರುತ್ತಾರೆ, ಹಳೇ ಕನ್ನಡ ಹಾಡು ಬಂದರಂತೂ ಸಾಫ್ಟ್‌ವೇರು ಕೈಯೆತ್ತುತ್ತದೆ. ಒಂದು ಸಲ ಭಾವಗೀತೆಯನ್ನು ಯಾವುದೋ ಸ್ಪ್ಯಾನಿಷ್ ಹಾಡು ಅಂದಿತು! ಬಿಟ್ಟುಬಿಡೋಣ ಅನ್ನುವಾಗ ಹೊಳೆದದ್ದು: ಹಾಡು ಯಾಕೆ ಬೇಕು? ಬ್ರೇಕಿನ ಬಾಗಿಲು ಸಾಕು. ಬ್ರೇಕಿಗೆ ಹೋಗುವಾಗ, ಬರುವಾಗ ಪ್ರತಿ ಸ್ಟೇಷನ್ನೂ ತನ್ನ ಜಿಂಗಲ್ (ಹೆಸರು ಸಾರುವ ಪುಟ್ಟ ಟ್ಯೂನ್) ಬಡಿಯುತ್ತದೆ. ಅದು ದಿನದಿನಕ್ಕೆ ಬದಲಾಗಲ್ಲ, ಅದರ ಮೇಲೆ ಸಾಮಾನ್ಯವಾಗಿ ಯಾರೂ ಮಾತಾಡಲ್ಲ. ಮೂರ್ನಾಲ್ಕು ಸೆಕೆಂಡಿನ ತುಂಡು ಕೊಟ್ಟು ಹುಡುಕಿಸಿದೆ, ಹತ್ತರಲ್ಲಿ ಒಂಬತ್ತು ಸಿಕ್ಕವು. ಜಿಂಗಲ್ಲಿನ ಯಾವ ತುಂಡು ಕತ್ತರಿಸಿದರೆ ಸಾಫ್ಟ್‌ವೇರು ಇಲ್ಲದ ಕಡೆ ಸಿಕ್ಕಿತು ಅನ್ನಲ್ಲ ಅನ್ನೋದು ಮಾತ್ರ ಹೇಳಲ್ಲ. ಅದಕ್ಕೇ ನನ್ನ ಒಂದು ಮಳೆಗಾಲ ಹೋಗಿದೆ.

ಇಷ್ಟು ಇವತ್ತಿನದ್ದಾಯಿತು. ಹಳೆಯದಕ್ಕೆ ಕ್ಯಾಸೆಟ್ಟೇ ಗತಿ. ಸಂಡೇ ಬಜಾರಿನಲ್ಲಿ, ಗುಜರಿಯಲ್ಲಿ, ನೆಂಟರ ಅಟ್ಟದಲ್ಲಿ ಹುಡುಕಿ ಸುಮಾರು 140 ಕೂಡಿಸಿದೆ. ಕೊಂಡದ್ದು ಒಂದಕ್ಕೆ ಇಪ್ಪತ್ತು ರೂಪಾಯಿ. ಮನೆಗೆ ತಂದು ಹಾಕಿದರೆ ಮುಕ್ಕಾಲು ಪಾಲು ಕಸ. ಯಾಕೆ ಗೊತ್ತಾ? ರೇಡಿಯೋದಿಂದ ಹಾಡು ತುಂಬಿಸಿಕೊಳ್ಳುತ್ತಿದ್ದವರು ಆರ್‌ಜೆ ಬಾಯಿ ತೆಗೆದ ಕೂಡಲೇ ಪಾಜ್ ಒತ್ತುತ್ತಿದ್ದರು. ನನಗೆ ಬೇಕಾದ್ದೇ ಅದು! ಕೆಲಸಕ್ಕೆ ಬಂದದ್ದು ರೆಕಾರ್ಡ್ ಒತ್ತಿ ನಿದ್ದೆ ಹೋದವರ ಕ್ಯಾಸೆಟ್ಟು, ಇಲ್ಲವೇ ಫೋನ್ ಇನ್‌ನಲ್ಲಿ ತಮ್ಮ ದನಿ ಬರುತ್ತೆ ಅಂತ ಕಾದು ಕೂತವರದ್ದು. ನಮ್ಮ ಚಿಕ್ಕಮ್ಮ ಒಂದು ಕಾಂಟೆಸ್ಟಿಗೆ ಫೋನ್ ಮಾಡಿ ಪೂರ್ತಿ ಒಂದು ಸೈಡು ತುಂಬಿಸಿದ್ದರು. ಅವರಿಗೆ ಲೈನ್ ಸಿಗಲಿಲ್ಲ, ನನಗೆ ನಾಲ್ಕು ಬ್ರೇಕ್ ಸಿಕ್ಕವು. ಒಟ್ಟು ಮೂವತ್ತು ಚಿಲ್ಲರೆ ಕ್ಯಾಸೆಟ್ಟು ಪಾಸಾದವು ಅಷ್ಟೇ. ಟೇಪು ಓಡುವ ವೇಗ ಹೆಚ್ಚುಕಮ್ಮಿ ಇದ್ದರೆ ಜಿಂಗಲ್ ಹೊಂದಲ್ಲ. ಹಿಂದೆ ಗುಂಯ್ ಅನ್ನುವ ಕರೆಂಟಿನ ಸದ್ದು ಇರುತ್ತಲ್ಲ, ಅದು ನಮ್ಮಲ್ಲಿ 50 ಹರ್ಟ್ಸ್ ಇರಬೇಕು, ಅಲ್ಲಿಗೆ ಎಳೆದು ಕೂರಿಸಿದೆ, ಸರಿಹೋಯಿತು.

ತಾರೀಖು ಹಾಕುವುದು ಇನ್ನೊಂದು ತಲೆನೋವು. ಲೇಬಲ್ಲಿನಲ್ಲಿ "ಒಳ್ಳೇ ಹಾಡುಗಳು" ಅಂತ ಬರೆದಿದ್ದರೆ ನಾನೇನು ಮಾಡಲಿ? ಹೊಸ ಸಿನಿಮಾದ ಜಾಹೀರಾತು ನಂಬಬಹುದು. 'ಮುಂಗಾರು ಮಳೆ' 2006ರ ಡಿಸೆಂಬರ್ 29ಕ್ಕೆ ಬಿಡುಗಡೆ, ಹಾಗಾಗಿ "ಇದೇ ಶುಕ್ರವಾರ" ಅಂದ ಟೇಪು ಆ ವಾರದ್ದೇ. ಊರಿನ ಹೆಸರು ನಂಬಬೇಡಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಬೆಂಗಳೂರು ಅಂತ ಆಯಿತು ನಿಜ, ಆದರೆ ಕನ್ನಡ ಆರ್‌ಜೆಗಳು ಅನ್ನುತ್ತಿದ್ದದ್ದೇ ಬೆಂಗಳೂರು, ಇಂಗ್ಲಿಷಿನವರು ಆಮೇಲೂ ಹಳೇ ಹೆಸರು ಬಿಡಲಿಲ್ಲ. ಆ ದಾರಿ ಹಿಡಿದು ಐದಾರು ಕ್ಯಾಸೆಟ್ಟಿಗೆ ತಪ್ಪು ವರ್ಷ ಹಾಕಿದ್ದೆ.

ಏನು ಸಿಕ್ಕಿತು ಅಂದರೆ. 2001ರ ಜುಲೈ 3ಕ್ಕೆ ರೇಡಿಯೋ ಸಿಟಿ ಶುರುವಾಗಿ ಕೆಲವು ವರ್ಷ ಊರಿನ ಖಾಸಗಿ ಎಫ್‌ಎಂ ಅದೊಂದೇ. ಆ ಕಾಲದ ನನ್ನ ಟೇಪುಗಳಲ್ಲಿ ಬ್ರೇಕಿಗೆ ಹೊತ್ತುಗೊತ್ತಿಲ್ಲ. ಹಾಡು ಮುಗಿದರೆ ಬ್ರೇಕು, ಓಡಿಹೋಗಲು ಬೇರೆ ಖಾಸಗಿ ಸ್ಟೇಷನ್ ಎಲ್ಲಿದೆ? 2006ರಲ್ಲಿ ಬೇರೆಯವರು ಒಬ್ಬರ ಹಿಂದೆ ಒಬ್ಬರು ಬಂದರು. ಅಲ್ಲಿಂದ ಬ್ರೇಕುಗಳು ಗೊತ್ತಾದ ನಿಮಿಷಕ್ಕೆ ಕೂರತೊಡಗುತ್ತವೆ. ಖಾಸಗಿಯವರು ತಮ್ಮದೇ ಸುದ್ದಿ ಓದುವಂತಿಲ್ಲ, ಹಾಗಾಗಿ ಜಗಳವೆಲ್ಲ ಹಾಡು, ಲಿಂಕು (ಹಾಡುಗಳ ನಡುವಿನ ಆರ್‌ಜೆ ಮಾತು), ಕಾಂಟೆಸ್ಟುಗಳಲ್ಲೇ ನಡೆಯಬೇಕು. ಇಬ್ಬರು ಪಕ್ಕಾ ವೈರಿಗಳು ಒಂದೇ ನಿಮಿಷಕ್ಕೆ ಬ್ರೇಕಿಗೆ ಹೋಗುತ್ತಿದ್ದರು, ಟ್ಯೂನ್ ಬದಲಿಸಿದರೂ ಜಾಹೀರಾತೇ. ಮೂರನೆಯವನು ಇದನ್ನು ನೋಡಿಕೊಂಡು ಸರಿಯಾಗಿ ಆ ಹೊತ್ತಿಗೆ ಹಿಟ್ ಹಾಡು ಬಿಡುತ್ತಿದ್ದ. ಹೆಸರು ಬೇಡ, ಕೇಳಿದವರಿಗೆ ಗೊತ್ತು. 2007ರಲ್ಲಿ ಕೇಳುಗರ ಕೈಗೆ ಡೈರಿ ಕೊಟ್ಟು ಯಾವ ಸ್ಟೇಷನ್ ಕೇಳಿದರು ಅಂತ ಬರೆಸಿ ಅಳೆಯುವ 'ರ್ಯಾಮ್' ಬಂತಲ್ಲ, ಅದಾದ ಮೇಲಿನ ಟೇಪುಗಳಲ್ಲಿ ಸ್ಟೇಷನ್ ಹೆಸರು ಸುಮಾರು ದುಪ್ಪಟ್ಟು ಸಲ ಕೇಳುತ್ತದೆ. ಬರೆಯುವವನಿಗೆ ಹೆಸರು ನೆನಪಿರಬೇಕಲ್ವಾ.

ಇನ್ನೊಂದು ಅನುಮಾನ ಇದೆ. 2010ರಲ್ಲಿ ಕಾಪಿರೈಟ್ ಬೋರ್ಡು ಮ್ಯೂಸಿಕ್ ಕಂಪನಿಗಳ ರಾಯಲ್ಟಿಯನ್ನು ಹಾಡು ಹಾಕಿದ ಗಂಟೆಯ ಲೆಕ್ಕದಿಂದ ತೆಗೆದು ಜಾಹೀರಾತು ಆದಾಯದ ಶೇ 2 ಮಾಡಿತು, ಅಂದರೆ ಎಷ್ಟು ಹಾಡು ಹಾಕಿದರೂ ಲೆಕ್ಕ ಅಷ್ಟೇ. ಅದಾದ ಮೇಲಿನವು ಅಂತ ಗುರುತಿಸಿದ ಟೇಪುಗಳಲ್ಲಿ ಮಾತು ಕಡಿಮೆ, ಹಾಡು ಜಾಸ್ತಿ. ಆದರೆ ಅಂಥವು ಇರುವುದೇ ನಾಲ್ಕು, ಅಷ್ಟಕ್ಕೆ ಡಂಗುರ ಹೊಡೆಯಲ್ಲ.

ನಡುವೆ ಹಾಡಿನ ವೇಗ ಅಳೆಯುವ ಹುಚ್ಚೂ ಹಿಡಿಯಿತು. ಒಂದು ಸ್ಟೇಷನ್ ಹಾಡನ್ನು ಒಂದು ಚೂರು ಜೋರಾಗಿ ಓಡಿಸುತ್ತಿದೆ ಅಂತ ವಾರಗಟ್ಟಲೆ ಹಿಂದೆ ಬಿದ್ದೆ. ಕೊನೆಗೆ ನೋಡಿದರೆ ನನ್ನ ಡೆಕ್ಕಿನ ಬೆಲ್ಟು ಸಡಿಲ.

ಎಲ್ಲ ಆದ ಮೇಲೆ ಗೆಳೆಯನಿಗೆ ಬ್ರೇಕುಗಳ ಚಾರ್ಟ್ ಕಳಿಸಿದೆ. ಅವನು ಎಲ್ಲಿಂದಲೋ ತನ್ನ ಹಳೇ ಕೈಬರಹದ ಕ್ಲಾಕ್ (ಗಂಟೆಯಲ್ಲಿ ಯಾವಾಗ ಏನು ಅನ್ನುವ ಪಟ್ಟಿ) ಹುಡುಕಿ ತೆಗೆದ. ಎಲ್ಲ ಬ್ರೇಕೂ ಇವೆ, ಆದರೆ ನನ್ನ ಚಾರ್ಟಿನಲ್ಲಿ ಪ್ರತಿಯೊಂದೂ ನಲವತ್ತು ಸೆಕೆಂಡ್ ತಡ. "ನೋಡಿದ್ಯಾ, ತಪ್ಪು" ಅಂದ. ಆ ಬ್ರೇಕುಗಳು ಸಿಕ್ಕ ಟೇಪಿನ ತುದಿಯಲ್ಲೇ ಯಾರೋ ಆಕಾಶವಾಣಿಗೆ ತಿರುಗಿಸಿದ್ದರು, ಅಲ್ಲಿ ಗಂಟೆಯ ಪಿಪ್ ಪಿಪ್ ಇತ್ತು. ಲೆಕ್ಕ ಹಾಕಿ ವಾಪಸ್ ಕಳಿಸಿದೆ: ನಿಧಾನ ಇದ್ದದ್ದು ಅವರ ಸ್ಟುಡಿಯೋ ಗೋಡೆಯ ಗಡಿಯಾರ. ಎರಡು ದಿನ ಉತ್ತರ ಇಲ್ಲ. ಆಮೇಲೆ ಒಂದು ಮೆಸೇಜು, ಅವನ ಹತ್ತಿರ ಇನ್ನೂ ಹನ್ನೊಂದು ಕ್ಯಾಸೆಟ್ ಇವೆಯಂತೆ.