ಆನ್‌ಲೈನ್ ಬಿಎ ಇಟ್ಟುಕೊಂಡೇ ಎಸ್‌ಎಸ್‌ಬಿ ದಾಟಿದೆ

"ಕಾಲೇಜ್ ಮೆಟ್ಲೇ ಹತ್ತದವ್ನಿಗೆ ಆಫೀಸರ್ ಕೆಲ್ಸ ಯಾರ್ ಕೊಟ್ಟಾರ್ಲಾ?" ಅಂತ ಸೋದರಮಾವ ನಕ್ಕಿದ್ದರು. ಮಂಡ್ಯದ ಗೆಳೆಯರದ್ದೂ ಅದೇ ರಾಗ. ಸೇನೆಯಲ್ಲಿ ಆಫೀಸರ್ ಆಗಲು ಮೊದಲು ಸಿಡಿಎಸ್ ಅನ್ನುವ ಲಿಖಿತ ಪರೀಕ್ಷೆ, ಆಮೇಲೆ ಎಸ್‌ಎಸ್‌ಬಿ ಅನ್ನುವ ಪರೀಕ್ಷೆ-ಇಂಟರ್‌ವ್ಯೂಗಳ ಆಯ್ಕೆ ಸುತ್ತು. ಎರಡನ್ನೂ ದಾಟಿ ಈಗ ಆಫೀಸರ್‌ಗಳ ತರಬೇತಿ ಅಕಾಡೆಮಿಯಾದ ಚೆನ್ನೈ ಒಟಿಎಯ ಮೆರಿಟ್ ಪಟ್ಟಿಯಲ್ಲಿ ನನ್ನ ಹೆಸರಿದೆ.

ಯುಜಿಸಿ ಒಪ್ಪಿದ ಆನ್‌ಲೈನ್ ಪದವಿ ರೆಗ್ಯುಲರ್‌ಗೆ ಸಮ ಅಂತ 2022ರಲ್ಲೇ ಸ್ಪಷ್ಟವಾಗಿದೆ. ಆದರೆ ಬರೀ ವಿವಿ ಹೆಸರು ನೋಡಿ ದುಡ್ಡು ಕಟ್ಟಬೇಡಿ. ನೀವು ಸೇರುವ ಕೋರ್ಸಿಗೆ, ಸೇರುವ ವರ್ಷಕ್ಕೆ ಒಪ್ಪಿಗೆ ಇದೆಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗವಾದ ಡಿಇಬಿಯ ಪಟ್ಟಿಯಲ್ಲಿ ನೋಡಿ. ಮುಕ್ತ ವಿವಿ ಮಾನ್ಯತೆ ನಿಂತು 2018ರಲ್ಲಿ ಮರಳಿದ ಕಥೆ ಮೈಸೂರಿನವರಿಗೆ ಗೊತ್ತೇ ಇದೆ ಅಲ್ವಾ? ಸಿಡಿಎಸ್‌ನಲ್ಲಿ ನೇವಿಗೆ ಇಂಜಿನಿಯರಿಂಗ್ ಪದವಿ ಬೇಕು, ಅದು ಆನ್‌ಲೈನ್‌ನಲ್ಲಿ ಇಲ್ಲ, ಹಾಗಾಗಿ ನೇವಿ ಆಸೆ ಬಿಟ್ಟೆ. ಕಾಲೇಜಿಗೇ ಹೋಗದ್ದರಿಂದ ಎನ್‌ಸಿಸಿ ಮೂಲಕ ಸೇರುವ ದಾರಿಯೂ ಮುಚ್ಚಿತು. ಒಟಿಎಗೆ ಗಣಿತದ ಪೇಪರ್ ಇಲ್ಲ, ಇಂಗ್ಲಿಷ್ ಮತ್ತು ಜಿಕೆ ಸಾಕು. ಅದೇ ನನಗೆ ಹೊಂದಿದ್ದು.

ಮೂರು ವರ್ಷದ ಫೀಸು ಸುಮಾರು 60 ಸಾವಿರ ಆಗಿರಬೇಕು. ಊರಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಕ್ಯಾಮೆರಾ ಮುಂದೆ ಪರೀಕ್ಷೆ ಬರೆಯುವಾಗ ಒಮ್ಮೆ ಎಲ್ಲ ಆರಿಹೋಯಿತು, ಆ ಪೇಪರ್ ಮತ್ತೆ ಕಟ್ಟಿದೆ. ಆಮೇಲೆ ಹಳೇ ಇನ್ವರ್ಟರ್, ಎರಡು ಕಂಪನಿಯ ಸಿಮ್.

ನಿಜವಾಗಿ ದುಡ್ಡು ದಂಡವಾಗಿದ್ದು ಎಸ್‌ಎಸ್‌ಬಿ ಕೋಚಿಂಗ್‌ಗೆ, 35 ಸಾವಿರದ ಹತ್ತಿರ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ! ಸಿದ್ಧ ಕಥೆಗಳನ್ನು ಬಾಯಿಪಾಠ ಮಾಡಿಸಿದರು. ಚಿತ್ರ ನೋಡಿ ಕಥೆ ಕಟ್ಟುವ ಪಿಪಿಡಿಟಿ ಪರೀಕ್ಷೆಯಲ್ಲಿ ನನ್ನ ಪಕ್ಕದವನೂ ಅದೇ ಕಥೆ ಹೇಳಿದ. ಇಬ್ಬರೂ ಮೊದಲ ದಿನವೇ ಮನೆಗೆ. ಅದರ ಮುಂದಿನ ಸಲ ಕೊನೇ ಹಂತವಾದ ಕಾನ್ಫರೆನ್ಸ್‌ವರೆಗೆ ಹೋಗಿ ವಾಪಸ್.

ಆಮೇಲೆ ನನ್ನದೇ ದಾರಿ. ಅಪ್ಪನ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುವಾಗ ಚೀಟಿ ಎತ್ತಿ, ಅದರಲ್ಲಿನ ಪದಕ್ಕೆ ತಕ್ಷಣ ವಾಕ್ಯ ಬರೆಯುವ ಡಬ್ಲ್ಯುಎಟಿ ಅಭ್ಯಾಸ ಮಾಡುತ್ತಿದ್ದೆ, ಪದಕ್ಕೆ 15 ಸೆಕೆಂಡ್. ಕಬ್ಬು ಕಡಿಯುವ ಆಳುಗಳನ್ನು ಹೊಂದಿಸಿದ್ದು, ಗಾಣ ಕೆಟ್ಟಾಗ ಮಾಡಿದ್ದು, ಎಲ್ಲ ಎಸ್‌ಆರ್‌ಟಿಗೆ, ಅಂದರೆ ಇಂಥ ಸಂದರ್ಭದಲ್ಲಿ ಏನು ಮಾಡುತ್ತೀರಿ ಅಂತ ಕೇಳುವ ಪರೀಕ್ಷೆಗೆ, ಒದಗಿತು. ಓಟಕ್ಕೆ ವಿಸಿ ನಾಲೆಯ ಏರಿ ಇತ್ತು. ನಡುವೆ ಮುದ್ದೆ ಬಿಟ್ಟು ಓಟ್ಸ್ ತಿಂದು ನೋಡಿದೆ. ಓಟ ಒಂದು ಸೆಕೆಂಡೂ ಚುರುಕಾಗಲಿಲ್ಲ, ಹಸಿವು ಮಾತ್ರ ಜಾಸ್ತಿ. ಮತ್ತೆ ಮುದ್ದೆಗೇ ಬಂದೆ.

"ಯಾಕೆ ಆನ್‌ಲೈನ್?" ಅಂತ ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ. ನಾನು ಕೊಟ್ಟ ಉತ್ತರ ಇಲ್ಲಿ ಬರೆಯಲ್ಲ, ನಾಳೆಯಿಂದ ಎಲ್ಲರೂ ಅದನ್ನೇ ಹೇಳುತ್ತಾರೆ. ಆಲೆಮನೆಯ ಲೆಕ್ಕಪುಸ್ತಕ ಅದರಲ್ಲಿ ಬರುತ್ತದೆ, ಅಷ್ಟು ಸಾಕು.

ಕೊನೇ ವರ್ಷದಲ್ಲಿದ್ದಾಗಲೇ ಸಿಡಿಎಸ್‌ಗೆ ಅರ್ಜಿ ಹಾಕಬಹುದು. ಆದರೆ ಪದವಿಯ ದಾಖಲೆ ಗಡುವಿನೊಳಗೆ ಕೈಲಿರಬೇಕು. ನನ್ನ ವಿವಿಯವರು ಪ್ರೊವಿಷನಲ್ ಸರ್ಟಿಫಿಕೇಟ್‌ಗೆ ವಾರಗಟ್ಟಲೆ ಸತಾಯಿಸಿದರು. ಎಸ್‌ಎಸ್‌ಬಿಗಿಂತ ಜಾಸ್ತಿ ನಿದ್ದೆ ಕೆಡಿಸಿದ್ದು ಅದೇ. ರಿಸಲ್ಟ್ ಬಂದ ದಿನವೇ ಅದರ ಬೆನ್ನು ಹತ್ತಿ.