ಪಳೆಯುಳಿಕೆಯನ್ನು ಓದುವುದು ಹೇಗೆ: ಒಂದು ಚಿಪ್ಪು, ಒಂದು ಉಂಡೆ ಜೇಡಿಮಣ್ಣು, ಅರ್ಧ ಲೀಟರ್ ವಿನೆಗರ್

ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒಂದು ಪಳೆಯುಳಿಕೆ ಇರುತ್ತದೆ. ಚಕ್ರವಿರುವ ಸಾಲಿಗ್ರಾಮದ ಆ ಸುರುಳಿ ಅಮೋನೈಟ್ ಎಂಬ ಕಡಲಜೀವಿಯದು. ಸುಮಾರು 15 ಕೋಟಿ ವರ್ಷಗಳ ಹಿಂದೆ, ಹಿಮಾಲಯ ಇನ್ನೂ ಎದ್ದಿರದಿದ್ದಾಗ, ಅಲ್ಲಿದ್ದ ಟೆಥಿಸ್ ಸಮುದ್ರದ ತಳದ ಕಪ್ಪು ಕೆಸರಿನಲ್ಲಿ ಅದು ಹೂತುಹೋಯಿತು. ಮಾಂಸ ಕೊಳೆಯುವಾಗ ಸುತ್ತಲಿನ ನೀರಿನ ರಾಸಾಯನಿಕ ಗುಣ ಬದಲಾಗಿ, ಖನಿಜಗಳು ಚಿಪ್ಪಿನ ಸುತ್ತ ಗಟ್ಟಿ ಉಂಡೆಯಾಗಿ ಕಟ್ಟಿಕೊಂಡವು. ಕೆಸರು ಜೇಡುಕಲ್ಲಾಯಿತು, ನೆಲ ಮೇಲೆದ್ದಿತು, ನೇಪಾಳದ ಕಾಳಿ ಗಂಡಕಿ ನದಿ ಮೆತ್ತನೆಯ ಜೇಡುಕಲ್ಲನ್ನು ಕೊರೆದು ಗಟ್ಟಿ ಉಂಡೆಗಳನ್ನು ಉರುಳಿಸಿ ನುಣುಪು ಮಾಡಿತು. ಉಂಡೆ ಒಡೆದಾಗ ಒಂದು ಹೋಳಿನಲ್ಲಿ ಉಬ್ಬಿದ ಸುರುಳಿ, ಇನ್ನೊಂದರಲ್ಲಿ ಅದೇ ಸುರುಳಿಯ ಗುಳಿ. ಕೆಲವದರಲ್ಲಿ ಕಾಣುವ ಹೊನ್ನಿನ ಹೊಳಪು ಪೈರೈಟ್ ಎಂಬ ಕಬ್ಬಿಣ–ಗಂಧಕದ ಖನಿಜದ್ದು.

ಉಬ್ಬಿದ್ದು ಯಾವುದು, ಗುಳಿ ಯಾವುದು, ಮೂಲ ಚಿಪ್ಪು ಉಳಿದಿದೆಯೋ ಇಲ್ಲವೋ ಎಂಬುದೇ ಪಳೆಯುಳಿಕೆಗಳ ವಿಧ ತಿಳಿಯುವ ಕೀಲಿ. ವಿಧಗಳ ಹೆಸರನ್ನು ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ. ಅಡುಗೆಮನೆಯಲ್ಲಿ ಮೂರು ಬಗೆಯನ್ನು ಕೈಯಾರೆ ಮಾಡಿ ನೋಡಿದವರು ಕಲ್ಲು ಹಿಡಿದ ಕೂಡಲೇ ಗುರುತಿಸುತ್ತಾರೆ.

ಮೊದಲು ಕೊಳೆತಕ್ಕೂ ಹೂಳಿಗೂ ಪಂದ್ಯ

ಸತ್ತ ಜೀವಿ ಬಯಲಲ್ಲಿ ಬಿದ್ದಿದ್ದರೆ ನಾಯಿ, ಇರುವೆ, ಬ್ಯಾಕ್ಟೀರಿಯಾ, ಬಿಸಿಲು ಮಳೆ ಎಲ್ಲ ಸೇರಿ ಮುಗಿಸುತ್ತವೆ. ಪಳೆಯುಳಿಕೆಯಾಗಬೇಕಾದರೆ ಹೂಳು ಬೇಗ ಮುಚ್ಚಬೇಕು ಮತ್ತು ಆಮ್ಲಜನಕ ತಲುಪಬಾರದು. ಆದ್ದರಿಂದಲೇ ಕಡಲ ತಳ, ಕೆರೆ, ನದಿಮುಖಜ ಭೂಮಿ, ಜ್ವಾಲಾಮುಖಿಯ ಬೂದಿ ಬಿದ್ದ ಜಾಗಗಳಲ್ಲಿ ಹೆಚ್ಚು ಸಿಗುತ್ತವೆ. ಬೆಟ್ಟದ ಕಾಡಿನ ಜೀವಿಗಳದ್ದು ಬಲು ಅಪರೂಪ. ಚಿಪ್ಪು, ಹಲ್ಲು, ಮೂಳೆ, ಮರದಂಥ ಗಟ್ಟಿ ಭಾಗವಿದ್ದರೆ ಗೆಲ್ಲುವ ಸಾಧ್ಯತೆ ಹೆಚ್ಚು. ಲೋಳೆಮೀನಿಗೆ ಅಂಥ ಅದೃಷ್ಟ ಕಡಿಮೆ.

ಹೂತ ಮೇಲೆ ಏನಾಗುತ್ತದೆ ಎಂಬುದು ಆ ನೆಲದಲ್ಲಿ ಹರಿಯುವ ನೀರಿನ ಮೇಲೆ ನಿಂತಿದೆ. ಆಮ್ಲೀಯ ನೀರು ಚಿಪ್ಪನ್ನು ಕರಗಿಸಿ ಬರೀ ಟೊಳ್ಳು ಉಳಿಸುತ್ತದೆ. ಸಿಲಿಕಾ ಅಥವಾ ಸುಣ್ಣದ ಅಂಶ ತುಂಬಿದ ನೀರು ಮೂಳೆ, ಮರಗಳ ಸೂಕ್ಷ್ಮರಂಧ್ರಗಳಲ್ಲಿ ಖನಿಜ ಕೂಡಿಸುತ್ತದೆ. ಮೇಲಿನ ಪದರಗಳ ಭಾರಕ್ಕೆ ಎಲೆ ಚಪ್ಪಟೆಯಾಗಿ, ಉಳಿದೆಲ್ಲ ಹೊರಟುಹೋಗಿ, ತೆಳು ಇಂಗಾಲದ ಪೊರೆ ಮಾತ್ರ ಕಲ್ಲಿಗೆ ಅಂಟಿಕೊಳ್ಳುತ್ತದೆ. ರಾಣಿಗಂಜ್, ತಾಲ್ಚೇರ್ ಕಲ್ಲಿದ್ದಲು ಪ್ರದೇಶದ ಗ್ಲಾಸಾಪ್ಟೆರಿಸ್ ಎಲೆಗಳು ಇಂಥವು. ನಡುನರ, ಬಲೆಯಂಥ ಕಿರುನರಗಳೂ ಕಾಣುತ್ತವೆ.

ಹೊರಅಚ್ಚು ಮತ್ತು ಎರಕ

ಬೇಕಾದದ್ದು: ಏಣುಗಳಿರುವ ಕಡಲಚಿಪ್ಪು (4–5 ಸೆಂ.ಮೀ.), ಗಣಪತಿ ಮಾಡುವ ಜೇಡಿಮಣ್ಣು ಅರ್ಧ ಕಿಲೋ, ಪ್ಲಾಸ್ಟರ್ ಆಫ್ ಪ್ಯಾರಿಸ್ 100 ಗ್ರಾಂ, ನೀರು 60 ಮಿ.ಲೀ., ಒಂದು ಹನಿ ಕೊಬ್ಬರಿ ಎಣ್ಣೆ, ಬಿಸಾಡಬಹುದಾದ ಲೋಟ.

ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ, ಮೂರು ಸೆಂ.ಮೀ. ದಪ್ಪಕ್ಕೆ ತಟ್ಟಿ, ಸುತ್ತ ಎರಡು ಸೆಂ.ಮೀ. ಎತ್ತರದ ಮಣ್ಣಿನ ಕಟ್ಟೆ ಕಟ್ಟಿ. ಚಿಪ್ಪಿಗೆ ಎಣ್ಣೆಯನ್ನು ಬೆರಳಿನಿಂದ ಸವರಿ ಬಟ್ಟೆಯಲ್ಲಿ ಒರೆಸಿಬಿಡಿ. ಎಣ್ಣೆ ಉಳಿದರೆ ಏಣುಗಳ ನಡುವೆ ನಿಂತು ಅಚ್ಚು ಮಬ್ಬಾಗುತ್ತದೆ. ಚಿಪ್ಪನ್ನು ನೇರ ಕೆಳಗೆ ಅರ್ಧದಷ್ಟು ಒತ್ತಿ, ನೇರ ಮೇಲಕ್ಕೆ ಎತ್ತಿ. ಅಲ್ಲಾಡಿಸಿದರೆ ಅಂಚು ಎರಡೆರಡಾಗಿ ಮೂಡುತ್ತದೆ. ಮಣ್ಣು ಕೈಗೆ ಅಂಟುತ್ತಿದ್ದರೆ ಹದ ಸಡಿಲವಾಗಿದೆ. ಹತ್ತು ನಿಮಿಷ ಗಾಳಿಗೆ ಬಿಟ್ಟು ಮತ್ತೆ ಒತ್ತಿ. ಈಗ ಮಣ್ಣಿನಲ್ಲಿರುವ ಗುಳಿ ಹೊರಅಚ್ಚು. ಚಿಪ್ಪು ಕರಗಿಹೋದ ಮೇಲೆ ಕಲ್ಲಿನಲ್ಲಿ ಉಳಿಯುವುದು ಇದೇ.

ಪ್ಲಾಸ್ಟರನ್ನು ನೀರಿಗೆ ಉದುರಿಸಬೇಕು. ಪ್ಲಾಸ್ಟರಿಗೆ ನೀರು ಹೊಯ್ದರೆ ಗಂಟು ಕಟ್ಟುತ್ತದೆ. ಒಂದು ನಿಮಿಷ ನೆನೆಯಲು ಬಿಟ್ಟು, ಇನ್ನೊಂದು ನಿಮಿಷ ನಿಧಾನ ಕಲಕಿ. ದೋಸೆ ಹಿಟ್ಟಿನ ಹದ ಸಾಕು. ಅಚ್ಚಿನ ಒಂದು ಬದಿಯಿಂದ ಸಣ್ಣ ಧಾರೆಯಾಗಿ ಹೊಯ್ದು, ಮೇಜನ್ನು ಹದಿನೈದಿಪ್ಪತ್ತು ಸಲ ತಟ್ಟಿದರೆ ಗುಳ್ಳೆಗಳು ಮೇಲೆ ಬರುತ್ತವೆ. ಅರ್ಧ ಗಂಟೆಯೊಳಗೆ ಗಟ್ಟಿಯಾಗಿ ಬೆಚ್ಚಗಾಗುತ್ತದೆ: ಕಾಯಿಸುವಾಗ ನೀರು ಕಳೆದುಕೊಂಡಿದ್ದ ಜಿಪ್ಸಮ್ ಪುನಃ ನೀರು ಹೀರಿ ಹರಳುಗಟ್ಟುವಾಗ ಬಿಡುಗಡೆಯಾಗುವ ಶಾಖ ಅದು. ಈ ಶಾಖದಿಂದಾಗಿಯೇ ಮಕ್ಕಳ ಕೈಯನ್ನೋ ಬೆರಳನ್ನೋ ಪ್ಲಾಸ್ಟರಿನಲ್ಲಿ ಅದ್ದಿಟ್ಟು ಅಚ್ಚು ತೆಗೆಯಲು ಹೋಗಬೇಡಿ. ದಪ್ಪನೆಯ ಪ್ಲಾಸ್ಟರ್ ಚರ್ಮವನ್ನು ಗಂಭೀರವಾಗಿ ಸುಡಬಲ್ಲದು. ಒಂದು ಗಂಟೆಯ ನಂತರ ಮಣ್ಣು ಬಿಡಿಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಸಿಕ್ಕಿದ್ದು ಎರಕ: ಹೊರನೋಟಕ್ಕೆ ಥೇಟ್ ಚಿಪ್ಪು, ಮೂಲ ಚಿಪ್ಪಿನ ಒಂದು ಕಣವೂ ಅದರಲ್ಲಿಲ್ಲ.

ಕೆಡುವುದು ಹೆಚ್ಚಾಗಿ ಪ್ಲಾಸ್ಟರಿನ ತಪ್ಪಿನಿಂದ. ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಪೊಟ್ಟಣ ತೇವ ಹೀರಿ ಸತ್ತಿರುತ್ತದೆ, ಎಷ್ಟು ಹೊತ್ತಾದರೂ ಗಟ್ಟಿಯಾಗದು. ಗಟ್ಟಿಯಾಗಲು ಶುರುವಾದ ಮೇಲೆ ನೀರು ಸೇರಿಸಿ ಸಡಿಲಿಸಿದರೆ ಒಣಗಿದ ಮೇಲೆ ಪುಡಿಪುಡಿ. ಹಿಂದಿನ ಸಲದ ಚೂರುಗಳು ಲೋಟದಲ್ಲಿದ್ದರೆ ಅವೇ ಹರಳಿಗೆ ಬೀಜವಾಗಿ, ಹೊಯ್ಯುವ ಮೊದಲೇ ಕಟ್ಟಿಕೊಳ್ಳುತ್ತದೆ. ಮಿಕ್ಕದ್ದನ್ನು ಸಿಂಕಿಗೆ ಸುರಿದರೆ ಪೈಪಿನೊಳಗೆ ನಿಮ್ಮದೇ ಒಂದು ಎರಕ ತಯಾರಾಗುತ್ತದೆ, ಪ್ಲಂಬರ್ ಬಂದು ಅದನ್ನು ತೆಗೆಯಬೇಕಾದೀತು.

ಒಳಅಚ್ಚು: ಎಲ್ಲರೂ ಎಡವುವ ಜಾಗ

ಹೊರಅಚ್ಚಿನ ಪಾಠ ಶಾಲೆಯಲ್ಲಿ ಆಗಿರುತ್ತದೆ. ಚಿಪ್ಪಿನ ಒಳಗೆ ತುಂಬಿದ ಕೆಸರು ಗಟ್ಟಿಯಾಗಿ, ಚಿಪ್ಪು ಕರಗಿದ ಮೇಲೆ ಉಳಿಯುವ ಒಳಅಚ್ಚನ್ನು ಯಾರೂ ಮಾಡಿಸುವುದಿಲ್ಲ. ಮೈದಾನದಲ್ಲಿ ಗೊಂದಲವಾಗುವುದು ಮಾತ್ರ ಇದರಿಂದಲೇ.

ತೋಟಗಳಲ್ಲಿ ಹಾವಳಿ ಎಬ್ಬಿಸಿರುವ ಆಫ್ರಿಕಾದ ದೈತ್ಯ ಬಸವನಹುಳುವಿನ ಖಾಲಿ ಚಿಪ್ಪು ಇದಕ್ಕೆ ಚೆನ್ನ. ಬಿಸಿಲಿಗೆ ಬೆಳ್ಳಗಾದ ಹಳೆಯದನ್ನೇ ಆರಿಸಿ. ಹೊಸ ಚಿಪ್ಪಿನ ಮೇಲಿರುವ ಕಂದು ಪೊರೆ ವಿನೆಗರನ್ನು ತಡೆಯುತ್ತದೆ. ಈ ಹುಳುಗಳಲ್ಲಿ ಮನುಷ್ಯರಿಗೂ ಹಬ್ಬಬಲ್ಲ ಪರಾವಲಂಬಿ ಹುಳಗಳಿರುವುದರಿಂದ ಚಿಪ್ಪನ್ನು ಕೈಗವಸು ಹಾಕಿ ಎತ್ತಿ, ಹತ್ತು ನಿಮಿಷ ಕುದಿಸಿ, ಕೈ ಸಾಬೂನಿನಲ್ಲಿ ತೊಳೆಯಿರಿ.

ಬಾಯಿ ಮೇಲಾಗಿ ಚಿಪ್ಪನ್ನು ಮರಳಿನಲ್ಲಿ ನಿಲ್ಲಿಸಿ. 100 ಗ್ರಾಂ ಪ್ಲಾಸ್ಟರಿಗೆ ಈ ಸಲ 70 ಮಿ.ಲೀ. ನೀರು. ಸುರುಳಿಯ ತುದಿಯವರೆಗೆ ಇಳಿಯಲು ತೆಳುವಾಗಿರಬೇಕು. ಸ್ವಲ್ಪ ಹೊಯ್ದು, ಚಿಪ್ಪನ್ನು ಸುರುಳಿಯ ದಿಕ್ಕಿನಲ್ಲಿ ತಿರುಗಿಸಿ, ತಟ್ಟಿ, ಮತ್ತೆ ಹೊಯ್ಯಿರಿ. ಒಂದು ದಿನ ಒಣಗಲು ಬಿಡಿ. ಆಮೇಲೆ ಗಾಜಿನ ಪಾತ್ರೆಯಲ್ಲಿಟ್ಟು, ಅಂಗಡಿಯ ಬಿಳಿ ವಿನೆಗರ್ ಮುಳುಗುವಷ್ಟು ಹಾಕಿ. ಲೆಕ್ಕ ಹೀಗೆ: 4 ಶೇಕಡಾ ಆಮ್ಲವಿರುವ ವಿನೆಗರಿನಲ್ಲಿ ಒಂದು ಗ್ರಾಂ ಚಿಪ್ಪು ಕರಗಲು ಕನಿಷ್ಠ 30 ಮಿ.ಲೀ. ಬೇಕು. ಐದು ಗ್ರಾಮಿನ ಚಿಪ್ಪಿಗೆ 150. ಕೊನೆಕೊನೆಗೆ ಆಮ್ಲ ಸೋತು ನಿಧಾನವಾಗುವುದರಿಂದ ದುಪ್ಪಟ್ಟು ಇಟ್ಟುಕೊಳ್ಳಿ, ಗುಳ್ಳೆ ನಿಂತಾಗ ಬದಲಿಸಿ. ಮುಚ್ಚಳ ಬಿಗಿಯಬೇಡಿ, ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು. ಚಿಪ್ಪು ದಪ್ಪವಿದ್ದಷ್ಟು ದಿನ ಹೆಚ್ಚು. ಕರಗಿದ ಕೂಡಲೇ ತೆಗೆದು ತೊಳೆಯಿರಿ. ಜಿಪ್ಸಮ್ ಕೂಡ ನೀರಿಗೆ ಚೂರುಚೂರೇ ಕರಗುತ್ತದೆ, ವಾರಗಟ್ಟಲೆ ಬಿಟ್ಟರೆ ಅಂಚುಗಳು ಸವೆಯುತ್ತವೆ.

ಕೈಗೆ ಬರುವುದು ತಿರುಪುಮೊಳೆಯಂಥ ಸುರುಳಿ. ಚಿಪ್ಪಿನ ಹೊರಗಿನ ಗೆರೆ, ಬಣ್ಣ ಒಂದೂ ಇಲ್ಲ; ಸುರುಳಿ ಸುರುಳಿಯ ನಡುವೆ ಚಿಪ್ಪಿನ ಗೋಡೆಯಿದ್ದಲ್ಲಿ ಸಂದು. ಒಂದೇ ಹುಳುವಿನ ಎರಕ ಮತ್ತು ಒಳಅಚ್ಚನ್ನು ಪಕ್ಕಪಕ್ಕ ಇಟ್ಟರೆ ಎರಡು ಬೇರೆ ಪ್ರಾಣಿಗಳೆನ್ನಿಸುತ್ತವೆ. ಅಮೋನೈಟಿನಲ್ಲಿ ಇದರಿಂದ ಲಾಭವೂ ಇದೆ. ಅದರ ಚಿಪ್ಪಿನೊಳಗಿನ ಕೋಣೆಗಳ ಗೋಡೆಗಳು ಹೊರಚಿಪ್ಪನ್ನು ಸೇರುವಲ್ಲಿ ಸೊಪ್ಪಿನ ಅಂಚಿನಂತೆ ಸುಕ್ಕುಸುಕ್ಕಾದ ಗೆರೆ ಇರುತ್ತದೆ. ಒಳಗಿನ ಈ ಗೆರೆ ಹೊರಚಿಪ್ಪು ಕಳಚಿದ ಮೇಲೆಯೇ ಕಾಣುವುದು, ಜಾತಿ ಗುರುತಿಸುವವರು ಮೊದಲು ಹುಡುಕುವುದೂ ಅದನ್ನೇ.

ಕಲ್ಲಾದ ಮರ

ಹೊಸ ಸ್ಪಂಜನ್ನು ಮೂಳೆಯ ಆಕಾರಕ್ಕೆ ಒಂದು ಸೆಂ.ಮೀ. ದಪ್ಪ ಕತ್ತರಿಸಿ. ಮೆಡಿಕಲ್ ಅಂಗಡಿಯ ಎಪ್ಸಮ್ ಸಾಲ್ಟನ್ನು ಬಿಸಿನೀರಿಗೆ, ತಳದಲ್ಲಿ ಸ್ವಲ್ಪ ಕರಗದೆ ಉಳಿಯುವವರೆಗೆ ಹಾಕಿ ಕಲಕಿ. ಸ್ಪಂಜನ್ನು ಅದರಲ್ಲಿ ಹಿಂಡಿ ಹಿಂಡಿ ಪೂರ್ತಿ ನೆನೆಸಿ, ತಟ್ಟೆಯಲ್ಲಿನ ಮರಳಿನ ಮೇಲಿಟ್ಟು ನೆರಳಿನಲ್ಲಿ ಒಣಗಿಸಿ, ದಿನಕ್ಕೊಮ್ಮೆ ಮೇಲೆ ದ್ರಾವಣ ಹನಿಸಿ. ನಾಲ್ಕೈದು ದಿನಕ್ಕೆ ಗಟ್ಟಿಯಾಗುತ್ತದೆ. ಜಡಿಮಳೆಯಲ್ಲಿ ಮಾಡಿದರೆ ಒಣಗುವುದೇ ಇಲ್ಲ. ಸ್ಪಂಜು ಎಲ್ಲಿಗೂ ಹೋಗಿಲ್ಲ, ರಂಧ್ರ ತುಂಬಿದೆ ಅಷ್ಟೇ. ಮರ, ಮೂಳೆಗಳಲ್ಲಿ ನಡೆಯುವುದು ಇದೇ. ಕಾಲ ಕಳೆದಂತೆ ಮೂಲ ಪದಾರ್ಥದ ಜಾಗಕ್ಕೂ ಖನಿಜ ಬಂದು ಕೂರುವುದು ಮುಂದಿನ ಹಂತ. ಆಗ ಜೀವಕೋಶದ ಗೋಡೆಯ ವಿನ್ಯಾಸ ಮಾತ್ರ ಉಳಿದಿರುತ್ತದೆ.

ನಿಜವಾದದ್ದನ್ನು ನೋಡಬೇಕೆಂದರೆ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ತಿರುವಕ್ಕರೈಯಲ್ಲಿ ಸುಮಾರು 2 ಕೋಟಿ ವರ್ಷ ಹಿಂದಿನ ಕಾಂಡಗಳಿವೆ. ಪೆರಂಬಲೂರು ಜಿಲ್ಲೆಯ ಸಾತನೂರಿನಲ್ಲಿ 18 ಮೀಟರ್ ಉದ್ದದ ಒಂದೇ ಕಾಂಡ ಮಲಗಿದೆ. ಎರಡೂ ಸಂರಕ್ಷಿತ ಜಾಗಗಳು, ಚೂರನ್ನೂ ಎತ್ತಿಕೊಂಡು ಬರುವಂತಿಲ್ಲ.

ದೇಹವೇ ಇಲ್ಲದ ಪಳೆಯುಳಿಕೆ

ಹೆಜ್ಜೆ, ಬಿಲ, ಮೊಟ್ಟೆಗೂಡು, ಸಗಣಿ: ಇವು ಕುರುಹು ಪಳೆಯುಳಿಕೆಗಳು. ಮಹಾರಾಷ್ಟ್ರದ ಪಿಸ್ದುರಾದ ಕಲ್ಲಾದ ಹಿಕ್ಕೆಯಲ್ಲಿ ಹುಲ್ಲಿನ ಸಿಲಿಕಾ ಕಣಗಳು ಸಿಕ್ಕಿ, ಡೈನೊಸಾರ್‌ಗಳ ಕಾಲದಲ್ಲೇ ಹುಲ್ಲು ಇತ್ತೆಂದು 2005ರಲ್ಲಿ ಗೊತ್ತಾಯಿತು. ಮೂಳೆಯಿಂದ ಈ ಸಂಗತಿ ಎಂದೂ ತಿಳಿಯುತ್ತಿರಲಿಲ್ಲ. ಮೂಲ ದೇಹವೇ ಉಳಿಯುವ ಒಂದು ಬಗೆ ಮರದ ರಾಳದಲ್ಲಿ ಸಿಕ್ಕಿಬಿದ್ದಾಗ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯ ಅಂಬರಿನಲ್ಲಿ, ಅಂದರೆ ಗಟ್ಟಿಯಾದ ರಾಳದಲ್ಲಿ, ಸುಮಾರು 5 ಕೋಟಿ ವರ್ಷ ಹಿಂದಿನ ಕೀಟಗಳಿವೆ.

ಕಲ್ಲು ಕೈಗೆ ಸಿಕ್ಕಾಗ

ಮೊದಲು ಕಲ್ಲಿನ ಜಾತಿ ನೋಡಿ. ಗ್ರಾನೈಟ್‌ನಲ್ಲಾಗಲಿ ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಕಲ್ಲಿನಲ್ಲಾಗಲಿ ಹುಡುಕಿ ಪ್ರಯೋಜನವಿಲ್ಲ. ಕರ್ನಾಟಕದ ಬಹುಪಾಲು ನೆಲ ಇವುಗಳದೇ. ನಮ್ಮಲ್ಲಿರುವ ಪಳೆಯುಳಿಕೆಗಳಲ್ಲಿ ಹಳೆಯವು ಸ್ಟ್ರೊಮ್ಯಾಟೊಲೈಟ್‌ಗಳು: ಸೂಕ್ಷ್ಮಜೀವಿಗಳ ಲೋಳೆ ಹಾಸುಗಳು ಪದರದ ಮೇಲೆ ಪದರವಾಗಿ ಕಟ್ಟಿದ ಗುಮ್ಮಟಗಳು. ಚಿತ್ರದುರ್ಗ, ಸಂಡೂರು ಪಟ್ಟಿಗಳಲ್ಲಿಯೂ ಬಾಗಲಕೋಟೆ ಕಡೆಯ ಕಲಾದಗಿ ಸುಣ್ಣಕಲ್ಲಿನಲ್ಲಿಯೂ ಇವೆ. ಈರುಳ್ಳಿ ಹೋಳಿನಂಥ ಬಾಗಿದ ಗೆರೆಗಳನ್ನು ಹುಡುಕಿ. ಗುಮ್ಮಟದ ಉಬ್ಬು ಒಂದೇ ದಿಕ್ಕಿಗಿರಬೇಕು. ಉತ್ತರದ ಬಸಾಲ್ಟ್ ನಾಡಿನಲ್ಲಿ ಲಾವಾ ಪದರಗಳ ನಡುವೆ ಕೆರೆಯ ಕೆಸರು ಸಿಕ್ಕಿಕೊಂಡ ಜಾಗಗಳಲ್ಲಿ, ಗುರುಮಠಕಲ್ ಬಳಿ ಇರುವಂತೆ, ಸಿಹಿನೀರಿನ ಬಸವನಹುಳುಗಳು ಸಿಗುತ್ತವೆ.

ಮರದಂತೆ ಕಾಣುವ ಕಲ್ಲಿನ ಮೂಲೆಯಿಂದ ಹಳೇ ಗಾಜಿನ ಮೇಲೆ ಗೀಚಿ. ಗೆರೆ ಬಿದ್ದರೆ ಸಿಲಿಕಾ. ಚಾಕುವಿನಿಂದ ಕಲ್ಲೇ ಕೆರೆದು, ವಿನೆಗರಿಗೆ ನೊರೆ ಬಂದರೆ ಕ್ಯಾಲ್ಸೈಟ್. ಪರೀಕ್ಷೆಗೆ ಒಡೆದ ಚೂರು ಸಾಕು. ಸಾಲಿಗ್ರಾಮದ ಮೇಲೆ ಮಾತ್ರ ಬೇಡ, ಅಜ್ಜಿ ಸುಮ್ಮನೆ ಬಿಡುವುದಿಲ್ಲ. ಮೂಳೆಯೋ ಕಲ್ಲೋ ಎಂದು ಅನುಮಾನವಿದ್ದರೆ ಹಳೆಯ ಉಪಾಯವೊಂದಿದೆ: ನಾಲಿಗೆ ತುದಿ ತಾಕಿಸಿದರೆ ಸಣ್ಣ ರಂಧ್ರಗಳಿರುವ ಮೂಳೆ ಅಂಟಿಕೊಳ್ಳುತ್ತದೆ. ತೊಳೆದ ಕಲ್ಲಿಗೆ ಮಾತ್ರ ಇದು, ದಾರಿಬದಿಯ ಕಲ್ಲಿಗಲ್ಲ.

ಕಲ್ಲಿನ ಸಂದಿನಲ್ಲಿ ಜರೀಗಿಡದಂತೆ ಕವಲೊಡೆದ ಕಪ್ಪು ಚಿತ್ರ ಕಂಡರೆ ಹಿಗ್ಗಬೇಡಿ. ಅದು ನೀರು ತಂದು ಬಿಟ್ಟ ಮ್ಯಾಂಗನೀಸ್ ಆಕ್ಸೈಡ್. ಎಲೆಗೆ ನಡುನರ ಇರುತ್ತದೆ, ಇದಕ್ಕೆ ಇರುವುದಿಲ್ಲ. ತಜ್ಞರೂ ಎಡವುತ್ತಾರೆ. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಚಾವಣಿಯಲ್ಲಿ ಕಂಡು, ಡಿಕಿನ್‌ಸೋನಿಯಾ ಎಂಬ ಅತಿ ಪುರಾತನ ಜೀವಿಯದೆಂದು 2021ರಲ್ಲಿ ಪ್ರಕಟವಾದ ಗುರುತು 2023ರ ಹೊತ್ತಿಗೆ ಕೊಳೆತ ಜೇನುಗೂಡಿನ ಕಲೆಯೆಂದು ಸಾಬೀತಾಯಿತು. ಅಷ್ಟರಲ್ಲಿ ಅದು ಬಂಡೆಯಿಂದ ಸಿಪ್ಪೆಯಂತೆ ಏಳತೊಡಗಿತ್ತು. ಆದ್ದರಿಂದ ಗುರುತು ಕಲ್ಲಿನ ಮೇಲ್ಮೈಗೆ ಅಂಟಿದೆಯೋ, ಪದರದೊಳಕ್ಕೂ ಇಳಿದಿದೆಯೋ ಎಂದು ಭೂತಗನ್ನಡಿಯಿಂದ ಮೊದಲು ನೋಡಿ. ಪಕ್ಕದಲ್ಲಿ ನಾಣ್ಯವೋ ಸ್ಕೇಲೋ ಇಟ್ಟು ಫೋಟೋ ತೆಗೆದು, ಜಾಗ, ಪದರ, ಯಾವ ದಿಕ್ಕು ಮೇಲಿತ್ತು ಎಂದು ಬರೆದುಕೊಳ್ಳಿ, ಕಲ್ಲನ್ನು ಅಲ್ಲೇ ಬಿಡಿ. ಜಾಗ ಗೊತ್ತಿಲ್ಲದ ಪಳೆಯುಳಿಕೆಯಿಂದ ಭೂವಿಜ್ಞಾನಿಗೆ ಕಾಲವೂ ತಿಳಿಯದು, ಪರಿಸರವೂ ತಿಳಿಯದು.